ಹೆಸರು ಕೇಳದೆ ತೆರೆಯುವ ಬಾಗಿಲು

2003ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನಿಂದ ಸುಮಾರು 55,000 ಜನರ ಹೆಸರು ಮತ್ತು ಸೋಷಿಯಲ್ ಸೆಕ್ಯುರಿಟಿ ನಂಬರು ಕಳುವಾದದ್ದು ಬಯಲಿಗೆ ಬಂತು. ಕದ್ದವನು ಅಲ್ಲಿಯದೇ ವಿದ್ಯಾರ್ಥಿ. ಅವನು ಬೀಗ ಒಡೆಯಬೇಕಾದ ಪ್ರಮೇಯವೇ ಬರಲಿಲ್ಲ. ಸಿಬ್ಬಂದಿಯ ತರಬೇತಿಗೆಂದು ಇದ್ದ ಒಂದು ಜಾಲತಾಣ ಆ ಒಂಬತ್ತಂಕಿಯ ನಂಬರನ್ನೇ ಕೀಲಿಕೈಯೆಂದು ಒಪ್ಪಿಕೊಳ್ಳುತ್ತಿತ್ತು. ಅವನು ಬರೆದ ಪ್ರೋಗ್ರಾಮು ಒಂದಾದ ಮೇಲೊಂದು ನಂಬರನ್ನು ಆ ತಾಣಕ್ಕೆ ಕೊಡುತ್ತಾ ಹೋಯಿತು. ಯಾವುದು ನಿಜವಾದ ನಂಬರೋ ಅದಕ್ಕೆ ಬಾಗಿಲು ತೆರೆಯಿತು, ಒಳಗಿದ್ದ ವಿವರ ಕೈಗೆ ಬಂತು.

ಆ ಕಾಲದ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇಂಥ ಏರ್ಪಾಡು ಅಪರೂಪವೇನೂ ಆಗಿರಲಿಲ್ಲ. ಪಿಂಚಣಿ ಲೆಕ್ಕಕ್ಕೆಂದು ಸರ್ಕಾರ ಕೊಟ್ಟ ನಂಬರು ದಶಕಗಳಿಂದ ವಿದ್ಯಾರ್ಥಿಯ ರಿಜಿಸ್ಟರ್ ನಂಬರೂ ಆಗಿತ್ತು. ಗುರುತಿನ ಚೀಟಿಯ ಮೇಲೆ, ಗ್ರಂಥಾಲಯದ ಕಾರ್ಡಿನ ಮೇಲೆ ಅದೇ ಅಚ್ಚಾಗುತ್ತಿತ್ತು. ಎಲ್ಲರಿಗೂ ಒಂದೊಂದು ನಂಬರು ಹೇಗೂ ಇದೆಯಲ್ಲ, ಹೊಸದೊಂದನ್ನು ಹುಟ್ಟಿಸುವ ಕಷ್ಟವೇಕೆ ಎಂಬುದು ಆಡಳಿತದವರ ಲೆಕ್ಕಾಚಾರ. ವ್ಯಕ್ತಿ ಯಾರೆಂದು ಹೇಳುವ ನಂಬರೇ ಅವನ ಪಾಲಿನ ಕೀಲಿಯೂ ಆಗಿಬಿಟ್ಟರೆ, ಆ ನಂಬರು ತಿಳಿದ ಪ್ರತಿಯೊಬ್ಬನ ಕೈಯಲ್ಲೂ ಕೀಲಿ ಇದ್ದಂತೆ. ಈ ಸರಳ ಸಂಗತಿ ಅರ್ಥವಾಗಲು ಇಂಥ ಹಲವು ಕಳವುಗಳೇ ಆಗಬೇಕಾಯಿತು.

ಅದೇ ವರ್ಷಗಳಲ್ಲಿ ಬೇರೆ ಕೆಲವು ವಿಶ್ವವಿದ್ಯಾಲಯಗಳ ಕಂಪ್ಯೂಟರ್ ವಿಭಾಗಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ವಿಚಾರ ಮೈದಳೆಯುತ್ತಿತ್ತು. ಒಬ್ಬರನ್ನು ಒಳಗೆ ಬಿಡಲು ಅವರು ಯಾರೆಂದು ತಿಳಿಯಲೇಬೇಕೆ? ಒಳಗೆ ಬರುವ ಹಕ್ಕು ಅವರಿಗಿದೆ ಎಂದಷ್ಟೇ ತಿಳಿದರೆ ಸಾಲದೆ? ಈ ಪ್ರಶ್ನೆಯಿಂದ ಹುಟ್ಟಿದ ತಂತ್ರಾಂಶ ಇಂದು ಗುಜರಾತಿನ ಗಾಂಧಿನಗರದ ಮೂಲಕ ನಮ್ಮ ವಿಶ್ವವಿದ್ಯಾಲಯ, ಕಾಲೇಜುಗಳ ಗ್ರಂಥಾಲಯಗಳವರೆಗೂ ಬಂದಿದೆ. ಅದರ ಹಿಂದಿರುವ ವಿಚಾರವೂ ಜೊತೆಯಲ್ಲೇ ಬರಬೇಕೆಂಬುದು ನನ್ನ ಆಸೆ. ಈ ಲೇಖನ ಬರೆಯಲು ಅದೇ ಕಾರಣ.

ಈ ಬಗೆಯ ತಂತ್ರಾಂಶವನ್ನು ಮಿಡಲ್‌ವೇರ್ ಎನ್ನುತ್ತಾರೆ. ಆ ಮಾತು ಕಂಪ್ಯೂಟರ್ ವಲಯದ ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ. ಕೆಳಗೆ ತಂತಿ, ವೈಫೈ, ಸರ್ವರುಗಳ ಜಾಲ. ಮೇಲೆ ನಾವು ಕಣ್ಣಾರೆ ಕಂಡು ಬಳಸುವ ಇಮೇಲ್, ಪರೀಕ್ಷಾ ಪೋರ್ಟಲ್, ಇ-ಪುಸ್ತಕ. ಇವೆರಡರ ನಡುವೆ ಕೂತು, ಬಂದವರು ಯಾರು, ಇವರಿಗೆ ಏನೇನು ಸಲ್ಲುತ್ತದೆ ಎಂಬುದನ್ನು ಎಲ್ಲ ಸೇವೆಗಳ ಪರವಾಗಿ ಒಂದೇ ಕಡೆ ತೀರ್ಮಾನಿಸುವ ಪದರ ಇದು. ಇಲ್ಲದಿದ್ದರೆ ಪ್ರತಿ ಸೇವೆಯೂ ತನ್ನದೇ ಪಟ್ಟಿ, ತನ್ನದೇ ಪಾಸ್‌ವರ್ಡ್ ಇಟ್ಟುಕೊಳ್ಳಬೇಕಾಗುತ್ತದೆ. ಆಗ ವಿದ್ಯಾರ್ಥಿ ಕೋರ್ಸು ಮುಗಿಸಿ ಹೋದ ಮೇಲೂ ಅವನ ಖಾತೆಗಳು ಎಲ್ಲೆಲ್ಲೋ ಉಳಿದುಬಿಡುತ್ತವೆ. ಅವನ್ನು ಅಳಿಸುವುದು ಯಾರ ಕೆಲಸವೆಂಬುದೂ ತೀರ್ಮಾನವಾಗಿರುವುದಿಲ್ಲ.

ಈ ಪದರದ ಬಹುಪಾಲು ಹುಟ್ಟಿದ್ದು ವಿಶ್ವವಿದ್ಯಾಲಯಗಳಲ್ಲೇ. ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಎಂಬ ಯೋಜನೆ ಕ್ಯಾಂಪಸ್ಸಿನ ಯಾವ ಕಂಪ್ಯೂಟರಿನ ಮುಂದೆ ಕೂತರೂ ವಿದ್ಯಾರ್ಥಿಗೆ ತನ್ನ ಕಡತಗಳು ಸಿಗುವಂತೆ ಮಾಡಲು ಹೊರಟಿತ್ತು. ಪಾಸ್‌ವರ್ಡ್ ಜಾಲದ ಮೇಲೆ ಹರಿದಾಡದೆಯೇ ಬಂದವರ ಗುರುತನ್ನು ಖಚಿತಪಡಿಸುವ ಕೆರ್ಬೆರಾಸ್ ಎಂಬ ವ್ಯವಸ್ಥೆ ಅಲ್ಲಿ ರೂಪುಗೊಂಡಿತು. ಇಡೀ ಸಂಸ್ಥೆಯ ಜನರ ಪಟ್ಟಿಯನ್ನು ಹಗುರವಾಗಿ, ಬೇಗ ಹುಡುಕಿಕೊಡುವ ಎಲ್‌ಡ್ಯಾಪ್ 1993ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೌಸ್ ಮತ್ತು ಅವರ ಜೊತೆಗಾರರಿಂದ ಬಂತು. ಮೈಕ್ರೋಸಾಫ್ಟ್ ತನ್ನ ವಿಂಡೋಸ್ 2000ದಲ್ಲಿ ಆಕ್ಟಿವ್ ಡೈರೆಕ್ಟರಿಯನ್ನು ಕಟ್ಟಿದ್ದು ಈ ಎರಡರ ಮೇಲೆ. ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಬೆಳಿಗ್ಗೆ ಕಚೇರಿಯ ಕಂಪ್ಯೂಟರಿಗೆ ಲಾಗಿನ್ ಆಗುವ ಅದೆಷ್ಟೋ ಮಂದಿ ತಮಗೇ ಅರಿವಿಲ್ಲದೆ ಆ ಎರಡು ಕ್ಯಾಂಪಸ್ಸುಗಳ ಕೆಲಸವನ್ನು ದಿನವೂ ಬಳಸುತ್ತಿದ್ದಾರೆ.

ವಿಶ್ವವಿದ್ಯಾಲಯಗಳೇ ಯಾಕೆ ಇದರಲ್ಲಿ ಮುಂದೆ ಹೋದವು? ಅಲ್ಲಿನ ಜನರನ್ನು ಒಂದು ಪಟ್ಟಿಯಲ್ಲಿ ಕೂಡಿಸುವುದು ಅಷ್ಟು ಕಷ್ಟವಿದ್ದುದರಿಂದ ಎಂದು ನನಗನ್ನಿಸುತ್ತದೆ. ಕಂಪನಿಯಲ್ಲಾದರೆ ಸಂಬಳದ ಪಟ್ಟಿಯಲ್ಲಿ ಹೆಸರಿದ್ದವರು ನೌಕರರು, ಇಲ್ಲದವರು ಹೊರಗಿನವರು. ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿಯೇ ಕೆಳಗಿನ ತರಗತಿಗೆ ಪಾಠ ಮಾಡುತ್ತಾನೆ. ಕಚೇರಿಯ ಗುಮಾಸ್ತೆ ಸಂಜೆ ಕೋರ್ಸಿಗೆ ಸೇರಿರುತ್ತಾಳೆ. ನಿವೃತ್ತರಾದ ಪ್ರಾಧ್ಯಾಪಕರು ಸಂಬಳದ ಪಟ್ಟಿಯಿಂದ ಹೋಗಿದ್ದರೂ ಪ್ರಯೋಗಾಲಯ ಬಿಟ್ಟಿರುವುದಿಲ್ಲ. ಆರು ತಿಂಗಳ ಮಟ್ಟಿಗೆ ಬಂದ ವಿಜ್ಞಾನಿಯ ಸಂಬಳ ಬೇರೆ ದೇಶದಿಂದ ಬರುತ್ತಿರುತ್ತದೆ. ಇವರೆಲ್ಲ ಸಂಸ್ಥೆಯವರೇ, ಆದರೆ ಒಂದೇ ಅರ್ಥದಲ್ಲಿ ಅಲ್ಲ.

ಈ ಗೋಜಲನ್ನು ಬಿಡಿಸಲು ಇಂಟರ್ನೆಟ್2 ಮತ್ತು ಎಡ್ಯುಕಾಸ್ ಎಂಬ ಎರಡು ಸಂಸ್ಥೆಗಳು ಸೇರಿ 2001ರಲ್ಲಿ ಎಡುಪರ್ಸನ್ ಎಂಬ ಮಾದರಿಯನ್ನು ಪ್ರಕಟಿಸಿದವು. ಇಂಟರ್ನೆಟ್2 ಎಂದರೆ 34 ವಿಶ್ವವಿದ್ಯಾಲಯಗಳು 1996ರಲ್ಲಿ ಕಟ್ಟಿಕೊಂಡ ಕೂಟ. ಎಡುಪರ್ಸನ್ ಒಂದು ಒಣ ತಾಂತ್ರಿಕ ದಾಖಲೆ. ಆದರೂ ಅದನ್ನು ಓದುವಾಗ ಒಂದು ವಿಶ್ವವಿದ್ಯಾಲಯದ ಸಮಾಜವೇ ಕಣ್ಣ ಮುಂದೆ ಬರುತ್ತದೆ. ವಿದ್ಯಾರ್ಥಿ, ಬೋಧಕರು, ಸಿಬ್ಬಂದಿ, ನೌಕರರು, ಹಳೆಯ ವಿದ್ಯಾರ್ಥಿ, ಸದಸ್ಯರು, ಸಂಬಂಧವುಳ್ಳವರು ಎಂದು ಅದು ಜನರನ್ನು ವಿಂಗಡಿಸುತ್ತದೆ. ಒಬ್ಬರೇ ಎರಡು ಮೂರು ಆಗಿರಬಹುದೆಂದೂ ಒಪ್ಪುತ್ತದೆ. ಸದಸ್ಯರೆಂದರೆ ಸಂಸ್ಥೆಯ ಮಾಮೂಲಿ ಸವಲತ್ತುಗಳೆಲ್ಲ ಸಲ್ಲುವವರು. ಸಂಬಂಧವುಳ್ಳವರೆಂದರೆ ಸಂಸ್ಥೆಯೊಡನೆ ವ್ಯವಹಾರವಿದ್ದೂ ಆ ಸವಲತ್ತುಗಳು ಇಲ್ಲದವರು. ಮುಂದೆ ಈ ಪಟ್ಟಿಗೆ ಇನ್ನೊಂದು ವರ್ಗ ಸೇರಿತು: ಗ್ರಂಥಾಲಯದೊಳಕ್ಕೆ ಸುಮ್ಮನೆ ನಡೆದು ಬಂದವರು. ಹೆಸರಿಲ್ಲ, ದಾಖಲಾತಿಯಿಲ್ಲ, ಕಟ್ಟಡದೊಳಗೆ ಇದ್ದಾರೆ ಎಂಬುದೊಂದೇ ಅವರ ಅರ್ಹತೆ. ಅಂಥವರಿಗೂ ಓದುವ ಹಕ್ಕಿದೆಯೆಂದು ಒಂದು ತಾಂತ್ರಿಕ ಮಾದರಿ ಜಾಗ ಮಾಡಿಕೊಟ್ಟದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಇನ್ನು ಬಾಗಿಲಿನ ವಿಷಯ. ತೊಂಬತ್ತರ ದಶಕದ ಕೊನೆಗೆ ಸಂಶೋಧನಾ ಜರ್ನಲ್‌ಗಳು ಕಾಗದ ಬಿಟ್ಟು ಜಾಲಕ್ಕೆ ಏರುತ್ತಿದ್ದವು. ಪ್ರಕಾಶಕರು ಚಂದಾ ಕೊಟ್ಟ ವಿಶ್ವವಿದ್ಯಾಲಯವನ್ನು ಗುರುತಿಸುತ್ತಿದ್ದದ್ದು ಅದರ ಕಂಪ್ಯೂಟರುಗಳ ಐಪಿ ವಿಳಾಸದಿಂದ. ಕ್ಯಾಂಪಸ್ಸಿನೊಳಗೆ ಕೂತರೆ ಲೇಖನ ತೆರೆಯುತ್ತದೆ, ಮನೆಗೆ ಹೋದರೆ ಮುಚ್ಚಿಕೊಳ್ಳುತ್ತದೆ. ಈ ಕೊರತೆ ನೀಗಲು 1999ರಲ್ಲಿ ಈಝಡ್‌ಪ್ರಾಕ್ಸಿ ಎಂಬ ತಂತ್ರಾಂಶ ಬಂತು. ಮನೆಯಲ್ಲಿರುವವರ ಕೋರಿಕೆಯನ್ನು ಕ್ಯಾಂಪಸ್ಸಿನ ಸರ್ವರೊಂದರ ಮೂಲಕ ಹಾಯಿಸಿ, ಅದು ಒಳಗಿನಿಂದಲೇ ಬಂದಂತೆ ತೋರಿಸುವ ಉಪಾಯ ಅದರದು. ಇಂದಿಗೂ ಜಗತ್ತಿನ ಎಷ್ಟೋ ಗ್ರಂಥಾಲಯಗಳು ಅದನ್ನು ನೆಚ್ಚಿಕೊಂಡಿವೆ.

2000ದಲ್ಲಿ ಇಂಟರ್ನೆಟ್2 ಬೇರೆ ದಾರಿ ಹಿಡಿಯಿತು. ಅದರ ಮಿಡಲ್‌ವೇರ್ ಕೆಲಸಕ್ಕೆ ಕೆನ್ ಕ್ಲಿಂಗೆನ್‌ಸ್ಟೈನ್ ಮುಂದಾಳು. ಬ್ರೌನ್ ವಿಶ್ವವಿದ್ಯಾಲಯದ ಸ್ಟೀವನ್ ಕಾರ್ಮೊಡಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಆರ್.ಎಲ್. ಬಾಬ್ ಮಾರ್ಗನ್, ಓಹಾಯೊ ಸ್ಟೇಟ್‌ನ ಸ್ಕಾಟ್ ಕ್ಯಾಂಟರ್ ಮುಂತಾದವರು ಕೈಜೋಡಿಸಿದರು. ತಂತ್ರಾಂಶಕ್ಕೆ ಶಿಬ್ಬೊಲೆತ್ ಎಂದು ಹೆಸರಿಟ್ಟರು. ಮೊದಲ ಆವೃತ್ತಿ 2003ರಲ್ಲಿ ಹೊರಬಂತು. ಅಂದರೆ ಆಸ್ಟಿನ್‌ನಲ್ಲಿ ನಂಬರು ಕಳುವಾದ ವರ್ಷವೇ.

ಶಿಬ್ಬೊಲೆತ್ ಕೆಲಸ ಮಾಡುವ ಬಗೆ ನಮ್ಮ ಕಾಲೇಜುಗಳ ಸ್ಟಡಿ ಸರ್ಟಿಫಿಕೇಟಿನದೇ. ಬಸ್ ಪಾಸು ಕೊಡುವವರು ವಿದ್ಯಾರ್ಥಿಯನ್ನು ತಾವೇ ಪರೀಕ್ಷಿಸಿ ನೋಡುವುದಿಲ್ಲ, ಕಾಲೇಜಿನ ಸಹಿ ಮತ್ತು ಮೊಹರನ್ನು ನಂಬುತ್ತಾರೆ. ಹಾಗೆಯೇ ಇಲ್ಲಿ ಓದುಗ ಜರ್ನಲ್ಲಿನ ತಾಣಕ್ಕೆ ಹೋದಾಗ ಅದು ಪಾಸ್‌ವರ್ಡ್ ಕೇಳದೆ, ನೀವು ಯಾವ ಸಂಸ್ಥೆಯವರು ಎಂದು ಕೇಳುತ್ತದೆ. ಉತ್ತರ ಸಿಕ್ಕ ಕೂಡಲೇ ಓದುಗನನ್ನು ಅವನ ಸಂಸ್ಥೆಯ ಲಾಗಿನ್ ಪುಟಕ್ಕೆ ಕಳಿಸುತ್ತದೆ. ಪಾಸ್‌ವರ್ಡ್ ಕೊಡುವುದು ಅಲ್ಲಿ, ತನ್ನವರಿಗೇ. ಸಂಸ್ಥೆ ತನ್ನ ಡಿಜಿಟಲ್ ಸಹಿ ಹಾಕಿದ ಒಂದು ಸಂದೇಶವನ್ನು ಹಿಂದಕ್ಕೆ ಕಳಿಸುತ್ತದೆ. ಸ್ಟಡಿ ಸರ್ಟಿಫಿಕೇಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಈ ಸಂದೇಶದಲ್ಲಿ ವಿದ್ಯಾರ್ಥಿಯ ಹೆಸರು ಇರಬೇಕಿಲ್ಲ. "ಈಗ ಬಂದಿರುವವರು ನಮ್ಮ ಸದಸ್ಯರು" ಎಂಬಷ್ಟೇ ಇದ್ದರೂ ಬಾಗಿಲು ತೆರೆಯುತ್ತದೆ. ಚಂದಾ ಕೊಟ್ಟಿರುವುದು ವಿಶ್ವವಿದ್ಯಾಲಯ, ಓದುತ್ತಿರುವುದು ವಿಶ್ವವಿದ್ಯಾಲಯದವರು. ಪ್ರಕಾಶಕರಿಗೆ ಅದಕ್ಕಿಂತ ಹೆಚ್ಚು ತಿಳಿಯುವ ಅಗತ್ಯವಿಲ್ಲ.

ಇಲ್ಲೊಂದು ತೊಡಕಿದೆ. ಓದುಗ ತನಗೆ ಬೇಕಾದ ಲೇಖನಗಳನ್ನು ತಾಣದಲ್ಲೇ ಗುರುತು ಹಾಕಿಟ್ಟು, ಮುಂದಿನ ವಾರ ಬಂದು ನೋಡಬೇಕೆನ್ನುತ್ತಾನೆ. ಹೆಸರೇ ತಿಳಿಯದಿದ್ದರೆ ಅದೇ ಮನುಷ್ಯ ಮತ್ತೆ ಬಂದನೆಂದು ತಾಣಕ್ಕೆ ಗೊತ್ತಾಗುವುದು ಹೇಗೆ? ಅದಕ್ಕೆ ಶಿಬ್ಬೊಲೆತ್ ಕಟ್ಟಿದವರು ಕಂಡುಕೊಂಡ ಪರಿಹಾರ ಇಡೀ ವ್ಯವಸ್ಥೆಯಲ್ಲೇ ನನಗೆ ತುಂಬ ಹಿಡಿಸಿದ ಭಾಗ. ಓದುಗನ ಒಳಗುರುತು, ತಾಣದ ಹೆಸರು, ಸಂಸ್ಥೆಯ ಬಳಿ ಮಾತ್ರ ಇರುವ ಒಂದು ಗುಟ್ಟು, ಈ ಮೂರನ್ನೂ ಬೆರೆಸಿ ಗಣಿತದ ಒಂದು ಸೂತ್ರದಿಂದ ಅಕ್ಷರಮಾಲೆಯೊಂದನ್ನು ಹೊರಡಿಸುತ್ತಾರೆ. ಅದೇ ಓದುಗ ಅದೇ ತಾಣಕ್ಕೆ ಎಷ್ಟು ಸಲ ಹೋದರೂ ಅದೇ ಅಕ್ಷರಮಾಲೆ ಬರುತ್ತದೆ. ಬೇರೆ ತಾಣಕ್ಕೆ ಹೋದರೆ ಬೇರೆಯದೇ ಬರುತ್ತದೆ. ಅಕ್ಷರಮಾಲೆಯಿಂದ ಹಿಂದಕ್ಕೆ ಹೋಗಿ ವ್ಯಕ್ತಿಯನ್ನು ಹಿಡಿಯಲಾಗದು. ಇಬ್ಬರು ಪ್ರಕಾಶಕರು ತಮ್ಮ ತಮ್ಮ ಪಟ್ಟಿಗಳನ್ನು ಎದುರುಬದುರು ಇಟ್ಟುಕೊಂಡರೂ ಈ ಅಕ್ಷರಮಾಲೆಗಳಿಂದ, ಇಲ್ಲಿ ಕ್ಯಾನ್ಸರ್ ಬಗ್ಗೆ ಓದಿದವನೇ ಅಲ್ಲಿ ವಿಚ್ಛೇದನದ ಕಾನೂನು ಓದಿದನೆಂದು ಜೋಡಿಸಲು ಸಾಧ್ಯವಿಲ್ಲ. ಯಾರಾದರೂ ತಾಣವನ್ನು ದುರ್ಬಳಕೆ ಮಾಡಿಕೊಂಡರೆ ಪ್ರಕಾಶಕರು ಆ ಅಕ್ಷರಮಾಲೆಯನ್ನು ಸಂಸ್ಥೆಗೆ ತಿಳಿಸುತ್ತಾರೆ. ಅದು ಯಾರೆಂದು ಹುಡುಕುವುದೂ ವಿಚಾರಿಸುವುದೂ ಸಂಸ್ಥೆಯ ಕೆಲಸ.

ಅಮೆರಿಕದ ಗ್ರಂಥಪಾಲಕರಿಗೆ ಇದು ತಮ್ಮ ಮನಸ್ಸಿನ ಮಾತೇ ಆಗಿತ್ತು. ಯಾರು ಯಾವ ಪುಸ್ತಕ ಓದಿದರೆಂಬುದನ್ನು ಹೊರಗೆ ಹೇಳಕೂಡದೆಂಬುದು ಅವರ ವೃತ್ತಿಧರ್ಮ. ಸೆಪ್ಟೆಂಬರ್ 11ರ ದಾಳಿಯ ನಂತರ 2001ರಲ್ಲಿ ಬಂದ ಪೇಟ್ರಿಯಟ್ ಕಾಯ್ದೆ ತನಿಖಾ ಸಂಸ್ಥೆಗಳಿಗೆ ಓದುಗರ ದಾಖಲೆ ಕೇಳಲು ದಾರಿ ತೆರೆದಾಗ ಅವರು ದನಿಯೆತ್ತಿ ವಿರೋಧಿಸಿದ್ದರು. ಸಂಗ್ರಹಿಸದೇ ಇರುವ ಮಾಹಿತಿಯನ್ನು ಕದಿಯಲೂ ಆಗದು, ಆಜ್ಞೆ ಹೊರಡಿಸಿ ಕಿತ್ತುಕೊಳ್ಳಲೂ ಆಗದು.

ಎರಡು ಸಂಸ್ಥೆಗಳ ನಡುವೆ ನಂಬಿಕೆ ಇದ್ದರೆ ಒಪ್ಪಂದ ಮಾಡಿಕೊಳ್ಳಬಹುದು. ಸಾವಿರ ವಿಶ್ವವಿದ್ಯಾಲಯ, ನೂರಾರು ಪ್ರಕಾಶಕರು ಇರುವಾಗ ಪ್ರತಿ ಜೋಡಿಗೂ ಒಂದೊಂದು ಒಪ್ಪಂದ ಸಾಧ್ಯವಿಲ್ಲ. ಆದ್ದರಿಂದ ದೇಶಕ್ಕೊಂದರಂತೆ ಒಕ್ಕೂಟಗಳು ಹುಟ್ಟಿದವು. ಅಮೆರಿಕದಲ್ಲಿ 2004ರಲ್ಲಿ ಇನ್‌ಕಾಮನ್, ಬ್ರಿಟನ್ನಿನಲ್ಲಿ 2006ರ ನವೆಂಬರಿನಲ್ಲಿ ಯುಕೆ ಫೆಡರೇಷನ್. ಇಂಥ ಒಕ್ಕೂಟದ ಮುಖ್ಯ ಆಸ್ತಿಯೆಂದರೆ ಒಂದು ಕಡತ. ಸದಸ್ಯ ಸಂಸ್ಥೆಗಳ ವಿಳಾಸ, ಅವುಗಳ ಸಹಿಯನ್ನು ಪರೀಕ್ಷಿಸುವ ಕೀಲಿ ಅದರಲ್ಲಿರುತ್ತವೆ. ಓದುಗರ ಹೆಸರಾಗಲಿ ಪಾಸ್‌ವರ್ಡಾಗಲಿ ಒಕ್ಕೂಟದ ಕೈ ಸೇರಬೇಕಾಗಿಲ್ಲ. ದೇಶದೇಶಗಳ ಒಕ್ಕೂಟಗಳನ್ನು ಎಡುಗೇನ್ ಎಂಬ ಇನ್ನೊಂದು ಏರ್ಪಾಡು ಒಂದಕ್ಕೊಂದು ಹೆಣೆದಿದೆ. ನಮ್ಮ ದೇಶದ ಒಕ್ಕೂಟವೂ ಅದರಲ್ಲಿ ಸೇರಿದೆ.

ಇದೇ ವಿಚಾರ ವೈಫೈಗೂ ಹಬ್ಬಿತು. ನೆದರ್ಲೆಂಡ್ಸಿನ ಕ್ಲಾಸ್ ವೀರೆಂಗಾ 2002ರ ಸುಮಾರಿಗೆ ಮುಂದಿಟ್ಟ ಎಡುರೋಮ್ ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಇನ್ನೊಂದರ ಅಂಗಳಕ್ಕೆ ಕಾಲಿಟ್ಟರೆ ಅವನ ಫೋನು ತಾನಾಗಿ ಜಾಲಕ್ಕೆ ಸೇರಿಕೊಳ್ಳುತ್ತದೆ. ಅವನ ಪಾಸ್‌ವರ್ಡ್ ಗೂಢಲಿಪಿಯಲ್ಲಿ ಅವನ ಊರಿನ ಸರ್ವರಿಗೆ ಹೋಗಿ, ಅಲ್ಲಿಂದ ಹೌದು ಅಥವಾ ಇಲ್ಲ ಎಂಬ ಉತ್ತರವಷ್ಟೇ ಬರುತ್ತದೆ. ಭಾರತದಲ್ಲಿ ಇದನ್ನು ಅರ್ನೆಟ್ ಇಂಡಿಯಾ ನೋಡಿಕೊಳ್ಳುತ್ತದೆ.

ಎಲ್ಲವೂ ಸಲೀಸಾಗಿ ನಡೆಯಿತೆಂದರೆ ಸುಳ್ಳಾಗುತ್ತದೆ. ನಿಮ್ಮ ಸಂಸ್ಥೆ ಯಾವುದು ಎಂದು ಕೇಳುವ ಪುಟದಲ್ಲಿ ಸಾವಿರಾರು ಹೆಸರುಗಳ ಪಟ್ಟಿ ಎದುರಾಗಿ, ತನ್ನದನ್ನು ಹುಡುಕಲಾರದೆ ಓದುಗ ಹಿಂದೆ ಸರಿಯುತ್ತಿದ್ದ. ಇನ್ನು ಕೆಲವೆಡೆ ಗೋಪ್ಯತೆಯ ಕಾಳಜಿ ಅತಿಯಾಗಿ ವಿಶ್ವವಿದ್ಯಾಲಯಗಳು ಯಾವ ವಿವರವನ್ನೂ ಬಿಟ್ಟುಕೊಡುತ್ತಿರಲಿಲ್ಲ. ಹಲವು ದೇಶಗಳ ವಿಜ್ಞಾನಿಗಳು ಒಟ್ಟಿಗೆ ದುಡಿಯುವ ತಾಣದಲ್ಲಿ ಸಹೋದ್ಯೋಗಿಯ ಹೆಸರು ತಿಳಿಯಲೇಬೇಕು. ಅಲ್ಲಿ ಹೆಸರಿಲ್ಲದೆ ಬಂದವರಿಗೆ ಮಾಡಲು ಕೆಲಸವೇ ಇರುವುದಿಲ್ಲ. ಸಂಶೋಧನೆಗೆಂದೇ ಇರುವ ತಾಣಗಳನ್ನು ಬೇರೆ ವರ್ಗವಾಗಿ ಗುರುತಿಸಿ, ಅವಕ್ಕೆ ಹೆಸರು, ಇಮೇಲ್ ಕೊಡಬಹುದೆಂಬ ಒಪ್ಪಂದ ಆಮೇಲೆ ಬಂತು. ಪ್ರಕಾಶಕರು 2016ರಲ್ಲಿ ಶುರುಮಾಡಿದ ಆರ್‌ಎ21 ಎಂಬ ಪ್ರಯತ್ನ ಐಪಿ ವಿಳಾಸದ ಪದ್ಧತಿಯನ್ನೇ ಕೈಬಿಟ್ಟು ಇತ್ತ ಬರೋಣವೆಂದಾಗ ಗ್ರಂಥಪಾಲಕರಲ್ಲಿ ಅನೇಕರು ಅನುಮಾನಪಟ್ಟರು. ಆ ಅನುಮಾನ ಸಕಾರಣವಾದದ್ದೆಂದೇ ನನ್ನ ಅಭಿಪ್ರಾಯ. ಹೆಸರು ಕಳಿಸದಿರಲು ಬರುವ ತಂತ್ರಾಂಶಕ್ಕೆ ಹೆಸರು ಕಳಿಸಲೂ ಬರುತ್ತದೆ. ಏನನ್ನು ಕಳಿಸಬೇಕೆಂದು ಪ್ರತಿ ಸಂಸ್ಥೆಯಲ್ಲೂ ಯಾರೋ ಒಬ್ಬರು ಕೂತು ಬರೆದಿಡುತ್ತಾರೆ. ಆ ಕೆಲವು ಸಾಲುಗಳಲ್ಲಿ ಓದುಗನ ಗುಟ್ಟು ಉಳಿಯುತ್ತದೆ ಅಥವಾ ಹೋಗುತ್ತದೆ.

ನಮ್ಮಲ್ಲಿ ಈ ಒಕ್ಕೂಟದ ಹೆಸರು ಇನ್‌ಫೆಡ್. ಗಾಂಧಿನಗರದ ಇನ್‌ಫ್ಲಿಬ್ನೆಟ್ ಕೇಂದ್ರ ಅದನ್ನು ನಡೆಸುತ್ತದೆ. ಒಳಗಿರುವುದು ಅದೇ ಶಿಬ್ಬೊಲೆತ್. ಸ್ವಂತ ಸರ್ವರ್ ಇಟ್ಟು ನೋಡಿಕೊಳ್ಳಲು ಆಗದ ಸಂಸ್ಥೆಗಳಿಗಾಗಿ ಇನ್‌ಫ್ಲಿಬ್ನೆಟ್ ತಾನೇ ಲಾಗಿನ್ ವ್ಯವಸ್ಥೆಯನ್ನು ಇಟ್ಟುಕೊಡುತ್ತದೆ. 2020ರ ಲಾಕ್‌ಡೌನಿನಲ್ಲಿ ಕ್ಯಾಂಪಸ್ಸುಗಳಿಗೆ ಬೀಗ ಬಿದ್ದು, ಐಪಿ ವಿಳಾಸದಿಂದ ಗುರುತಿಸುವ ಪದ್ಧತಿ ಒಂದೇ ಏಟಿಗೆ ನಿರುಪಯೋಗಿಯಾದಾಗ ಮನೆಯಿಂದ ಓದುವ ದಾರಿಯ ಬೆಲೆ ಎಲ್ಲರಿಗೂ ತಿಳಿಯಿತು.

ಈಗ ಅದರ ಮೇಲಿನ ಭಾರ ಇನ್ನೂ ಹೆಚ್ಚಿದೆ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ಒಂದು ರಾಷ್ಟ್ರ ಒಂದು ಚಂದಾ ಯೋಜನೆ ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ ತೆತ್ತು, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳ ಅಂದಾಜು 1.8 ಕೋಟಿ ಜನರಿಗೆ ತೆರೆಯುವ ಗುರಿ ಇಟ್ಟುಕೊಂಡಿದೆ. ಹಂಚುವ ಹೊಣೆ ಇನ್‌ಫ್ಲಿಬ್ನೆಟ್‌ನದೇ. ಹಳ್ಳಿಗಾಡಿನ ಓದುಗರಿಗೂ ವಿಜ್ಞಾನದ ತಾಜಾ ಬರಹ ಸಿಗಬೇಕೆನ್ನುವವರೆಲ್ಲ ಸಂತೋಷಪಡಬೇಕಾದ ಯೋಜನೆ ಇದು. ಆದರೆ 1.8 ಕೋಟಿ ಎಂಬ ಈ ಲೆಕ್ಕ ಕಡೆಗೆ ನಿಂತಿರುವುದು ಆಯಾ ಸಂಸ್ಥೆಯ ದಾಖಲಾತಿ ರಿಜಿಸ್ಟರಿನ ಮೇಲೆ. ಯಾರು ನಮ್ಮವರು ಎಂದು ಹೇಳಬೇಕಾದದ್ದು ಸಂಸ್ಥೆಯೇ. ಕಳೆದ ವರ್ಷ ಹೋದವರ ಹೆಸರು ಪಟ್ಟಿಯಲ್ಲಿ ಉಳಿದು, ಈ ವರ್ಷ ಸೇರಿದವರದು ಇನ್ನೂ ಏರದಿದ್ದರೆ ಶಿಬ್ಬೊಲೆತ್ ಆ ತಪ್ಪಿಗೇ ಪಕ್ಕಾ ಸಹಿ ಹಾಕಿ ಕಳಿಸುತ್ತದೆ.

ಇದೇ ಹೊತ್ತಿಗೆ ವಿದ್ಯಾರ್ಥಿಗೊಂದು ನಂಬರು ಕೊಡುವ ಕೆಲಸವೂ ಭರದಿಂದ ಸಾಗಿದೆ. 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಅದರೊಂದಿಗೆ ಜೋಡಿಯಾದ ಹನ್ನೆರಡಂಕಿಯ ಅಪಾರ್ ಎಂಬ ವಿದ್ಯಾರ್ಥಿ ಗುರುತಿನ ನಂಬರು, ದಾಖಲೆಗಳನ್ನು ಇಡುವ ಡಿಜಿಲಾಕರ್. ನಮ್ಮ ರಾಜ್ಯದಲ್ಲಿ ಪ್ರವೇಶದಿಂದ ಫಲಿತಾಂಶದವರೆಗೆ ಎಲ್ಲವನ್ನೂ ನೋಡಿಕೊಳ್ಳುವ ಯುಯುಸಿಎಂಎಸ್ ಎಂಬ ತಂತ್ರಾಂಶ. ಇವುಗಳ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಧಾರವಾಡದಲ್ಲಿ ಗಳಿಸಿದ ಕ್ರೆಡಿಟ್ಟನ್ನು ಮೈಸೂರಿಗೆ ಒಯ್ಯುವಾಗ ಅದು ಯಾರದ್ದೆಂದು ಖಚಿತವಾಗಲೇಬೇಕು, ಅಂಕಪಟ್ಟಿಗೆ ಹೆಸರು ಬೇಕೇ ಬೇಕು. ಲೇಖನ ಓದುವುದಕ್ಕೆ ಬೇಡ. ಹಾಸ್ಟೆಲ್ಲಿನ ವೈಫೈಗೆ, ಸಾಫ್ಟ್‌ವೇರಿನ ವಿದ್ಯಾರ್ಥಿ ರಿಯಾಯಿತಿಗೆ, ಮ್ಯೂಸಿಯಮ್ಮಿನ ಅರ್ಧ ಟಿಕೆಟ್ಟಿಗೆ ಆ ಹನ್ನೆರಡಂಕಿ ಬೇಡ. ಎಲ್ಲರ ಬಳಿಯೂ ಹೇಗೂ ನಂಬರಿದೆಯಲ್ಲ ಎಂಬ ಲೆಕ್ಕಾಚಾರ ಒಂದೊಂದೇ ಬಾಗಿಲಿಗೆ ಅದನ್ನು ಅಂಟಿಸುತ್ತಾ ಹೋದರೆ, ಅಮೆರಿಕ ಬಹಳ ಕಷ್ಟಪಟ್ಟು ಹಿಂದಿರುಗಿದ ದಾರಿಗೆ ನಾವು ಹೊಸದಾಗಿ ಇಳಿದಂತಾಗುತ್ತದೆ. ಅಗತ್ಯವಿರುವಷ್ಟೇ ಮಾಹಿತಿ ಪಡೆಯಬೇಕೆಂಬ ಮಾತು 2023ರ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲೂ ಇದೆ. ಅದನ್ನು ಜಾರಿಗೆ ತರುವ ಸಾಧನ ಇನ್‌ಫೆಡ್‌ನ ರೂಪದಲ್ಲಿ ಆಗಲೇ ನಮ್ಮ ಕೈಯಲ್ಲಿದೆ.

ನನ್ನನ್ನು ಇದಕ್ಕಿಂತಲೂ ಕಾಡುವ ಪ್ರಶ್ನೆ ಇನ್ನೊಂದು. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ದುಡಿಯುತ್ತಿದ್ದಾರೆ. ಪಾಠದ ದೊಡ್ಡ ಪಾಲು ಅವರದು. ನೇಮಕ ಮಾತ್ರ ಅವಧಿಯದು, ಪ್ರತಿ ಸಲ ಹೊಸದಾಗಿ. ಎಡುಪರ್ಸನ್‌ನ ಭಾಷೆಯಲ್ಲಿ ಅವರು ಬೋಧಕರೋ, ಬರಿಯ ಸಂಬಂಧವುಳ್ಳವರೋ? ಎರಡು ಅವಧಿಗಳ ನಡುವಿನ ತಿಂಗಳುಗಳಲ್ಲಿ, ಅಂದರೆ ಮುಂದಿನ ವರ್ಷದ ಪಾಠಕ್ಕೆ ಓದಿಕೊಳ್ಳಲು ಬಿಡುವು ಸಿಗುವ ಹೊತ್ತಿನಲ್ಲಿ, ಅವರು ಯಾರು? ಪ್ರಬಂಧ ಸಲ್ಲಿಸಿ ವೈವಾಕ್ಕೆ ಕಾಯುತ್ತಿರುವ ಸಂಶೋಧಕರದ್ದೂ ಇದೇ ಪಾಡು. ನೋಂದಣಿಯ ಅವಧಿ ಮುಗಿದಿರುತ್ತದೆ, ಪರೀಕ್ಷಕರ ಪ್ರಶ್ನೆಗೆ ಸಿದ್ಧರಾಗಲು ಓದುವುದು ಮಾತ್ರ ಬಾಕಿ ಇರುತ್ತದೆ. ತಂತ್ರಾಂಶದಲ್ಲಿ ಇಂಥವರಿಗೆಲ್ಲ ಜಾಗವಿದೆ. ಅತಿಥಿ ಉಪನ್ಯಾಸಕರನ್ನು ಬೋಧಕರೆಂದೇ ನಮೂದಿಸಿ, ಖಾತೆ ಮುಗಿಯುವ ದಿನವನ್ನು ನೇಮಕದ ಕೊನೆಯ ದಿನಕ್ಕೆ ಕಟ್ಟಿಹಾಕದೆ ಮುಂದಿನ ನೇಮಕಾತಿ ಮುಗಿಯುವವರೆಗೆ ವಿಸ್ತರಿಸಬಹುದು. ಬೇಕಾದದ್ದು ಪ್ರಾಂಶುಪಾಲರ ಒಂದು ಟಿಪ್ಪಣಿ, ಇಲಾಖೆಯ ಒಂದು ಸುತ್ತೋಲೆ. ಚಂದಾ ಯೋಜನೆಗೆ ಸದ್ಯ ಒಪ್ಪಿಗೆ ಸಿಕ್ಕಿರುವುದು 2025, 2026, 2027ಕ್ಕೆ. ಆ ಮೂರು ವರ್ಷ ಮುಗಿಯುವುದರೊಳಗೆ ಸುತ್ತೋಲೆ ಹೊರಟರೆ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿಗೂ ಆ 13,000 ಜರ್ನಲ್‌ಗಳು ರಜೆಯಲ್ಲೂ ತೆರೆದಿರುತ್ತವೆ.